ಇಂಟರ್‌ಸೆಪ್ಟರ್ 650: ಬಂಕಿನಲ್ಲಿ, ಘಾಟಿಯಲ್ಲಿ, ಪತ್ರಗಳಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕು ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ಅದರ ಎಂಜಿನ್ನಿಗಿಂತ ಹೆಚ್ಚು ದುಡಿದಿರುವುದು ನನ್ನ ಬಾಯಿ. ಬಂಕಿನಲ್ಲಿ ಸರದಿಗಾಗಿ ನಿಂತಾಗ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕಾಯುವಾಗ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಸಂಬಂಧಿಕರ ಮದುವೆ ಮನೆಯಲ್ಲಿ, ಎಲ್ಲೆಲ್ಲೂ ಅದೇ ಪ್ರಶ್ನೆಗಳು. ಬರೆದು ಕೇಳುವವರೂ ಇದ್ದಾರೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ದಾರಿಯಲ್ಲಿ ನಿಲ್ಲಿಸಿ ಕೇಳುವವರಿಗೆ

ಸಾರ್, ಮೈಲೇಜ್ ಎಷ್ಟು ಕೊಡುತ್ತದೆ?

ಮೂರು ಲಕ್ಷ ದಾಟಿದ ಗಾಡಿಯನ್ನು ನೋಡಿದರೂ ನಮ್ಮವರ ಮೊದಲ ಪ್ರಶ್ನೆ ಇದೇ. ಹೆದ್ದಾರಿಯಲ್ಲಿ 90ರ ಆಸುಪಾಸಿನಲ್ಲಿ ಹದವಾಗಿ ಓಡಿಸಿದರೆ ನನ್ನ ಗಾಡಿ ಲೀಟರಿಗೆ 27 ಕಿ.ಮೀ. ಕೊಡುತ್ತದೆ. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಕಡೆ ಸಿಕ್ಕಿಹಾಕಿಕೊಂಡರೆ 20 ಸಿಕ್ಕರೂ ದೊಡ್ಡದು. ಟ್ಯಾಂಕು 13.7 ಲೀಟರಿನದು. ಬೆಂಗಳೂರಿನಲ್ಲಿ ಭರ್ತಿ ಮಾಡಿಸಿಕೊಂಡು ಹೊರಟರೆ ಮಡಿಕೇರಿ ತಲುಪಬಹುದು, ಆದರೆ ತಲುಪಿದ ಮೇಲೆ ಮೊದಲು ಬಂಕು, ಆಮೇಲೆ ಕಾಫಿ. ಟ್ರಿಪ್ ಮೀಟರಿನಲ್ಲಿ 270 ಕಾಣುತ್ತಲೇ ನಾನು ಬಂಕು ಹುಡುಕಲು ಶುರು ಮಾಡುತ್ತೇನೆ. ಇಷ್ಟು ದೊಡ್ಡ ಗಾಡಿಗೆ ಟ್ಯಾಂಕು ಚಿಕ್ಕದಾಯಿತು ಎಂಬುದು ನನ್ನ ಅಭಿಪ್ರಾಯ. ಚಂದ ಕಾಣುತ್ತದೆ, ಅದನ್ನು ಒಪ್ಪುತ್ತೇನೆ.

ಎಷ್ಟು ಸ್ಪೀಡ್ ಹೋಗುತ್ತದೆ ಅಣ್ಣ?

ಹೆಚ್ಚೆಂದರೆ ಗಂಟೆಗೆ 165 ಕಿ.ಮೀ. ಸುಮಾರು. ಅಲ್ಲಿಗೆ ಮುಟ್ಟಲು ನೇರ ರಸ್ತೆ, ಟ್ಯಾಂಕಿನ ಮೇಲೆ ಬಗ್ಗಿದ ಬೆನ್ನು, ಮನೆಯಲ್ಲಿ ಕಾಯುವವರ ನೆನಪಿಲ್ಲದ ಮನಸ್ಸು, ಮೂರೂ ಬೇಕು. ಮುಂದೆ ಗಾಳಿ ತಡೆಯುವ ಗಾಜಿಲ್ಲ. 120 ದಾಟಿದರೆ ಗಾಳಿ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತದೆ. ಈ ಗಾಡಿಯ ಸುಖವಿರುವುದು 90ರಿಂದ 110ರ ನಡುವೆ. ಆರನೆಯ ಗೇರಿನಲ್ಲಿ 100ರ ವೇಗದಲ್ಲಿದ್ದಾಗ ಎಂಜಿನ್ 4,000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಆಸುಪಾಸಿನಲ್ಲಿ ಸದ್ದೆತ್ತದೆ ತಿರುಗುತ್ತಿರುತ್ತದೆ. ಅದರ ಮಿತಿ ಇರುವುದು 7,500ರಲ್ಲಿ.

ಇದೂ ಬುಲೆಟ್ ತಾನೇ?

ಟ್ಯಾಂಕಿನ ಮೇಲಿನ ಹೆಸರು ಒಂದೇ, ಎಂಜಿನ್ ಬೇರೆ. ಬುಲೆಟ್ 350ರಲ್ಲಿ ಒಂದು ಸಿಲಿಂಡರ್, 349 ಸಿಸಿ, 20ರಷ್ಟು ಅಶ್ವಶಕ್ತಿ, 27 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ), ಐದು ಗೇರ್. ಇದರಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಸಿಲಿಂಡರ್, 648 ಸಿಸಿ, 47 ಪಿಎಸ್ (ಇದೂ ಅಶ್ವಶಕ್ತಿಯದೇ ಒಂದು ಅಳತೆ), 52 ನ್ಯೂಟನ್ ಮೀಟರ್, ಆರು ಗೇರ್. ತೂಕದಲ್ಲಿ ಇರುವ ಅಂತರ ಕೇವಲ 20 ಕೆ.ಜಿ. ಚಿಲ್ಲರೆ. ಅಂದರೆ ಹೆಚ್ಚೂಕಡಿಮೆ ಅದೇ ಹೊರೆಯನ್ನು ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಎಳೆಯುತ್ತದೆ. ಬುಲೆಟ್ಟಿನ 'ಡಗ್ ಡಗ್' ಇದರಲ್ಲಿ ಇಲ್ಲ, ಬೇಕೆಂದವರು ಬುಲೆಟ್ಟನ್ನೇ ಕೊಳ್ಳುವುದು ಲೇಸು.

ಅಮೆರಿಕದಲ್ಲಿರುವ ನನ್ನ ಮಗ ಇದನ್ನು 'ಐಎನ್‌ಟಿ 650' ಎನ್ನುತ್ತಾನೆ. ಅದು ಬೇರೆ ಗಾಡಿಯೇ?

ಗಾಡಿ ಒಂದೇ, ಅಲ್ಲಿ ಹೆಸರು ಬೇರೆ. ಇಂಟರ್‌ಸೆಪ್ಟರ್ ಎಂಬುದು 1960ರ ದಶಕದಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ತಯಾರಿಸುತ್ತಿದ್ದ 736 ಸಿಸಿಯ ಎರಡು ಸಿಲಿಂಡರಿನ ಬೈಕಿನ ಹೆಸರು. ಆ ಕಾರ್ಖಾನೆ ಮುಚ್ಚಿ ದಶಕ ಕಳೆದ ಮೇಲೆ, 1983ರಿಂದ, ಹೋಂಡಾ ಅಮೆರಿಕದಲ್ಲಿ ಅದೇ ಹೆಸರಿನಲ್ಲಿ ಬೈಕು ಮಾರತೊಡಗಿತು. ಹೆಸರಿನ ಹಕ್ಕು ಅಲ್ಲಿ ಅವರದು. ಆದ್ದರಿಂದ ಚೆನ್ನೈ ಬಳಿ ತಯಾರಾಗಿ ಹಡಗು ಹತ್ತುವ ಗಾಡಿಗೆ ಅಮೆರಿಕದ ದಡದಲ್ಲಿ ಮೊಟಕು ಹೆಸರು. ಈಗಿನ ಇಂಟರ್‌ಸೆಪ್ಟರನ್ನು ಮೊದಲು ತೋರಿಸಿದ್ದು 2017ರ ನವೆಂಬರಿನಲ್ಲಿ, ಮಿಲಾನ್ ಪ್ರದರ್ಶನದಲ್ಲಿ. ಭಾರತದಲ್ಲಿ ಮಾರಾಟ ಶುರುವಾದದ್ದು ಮರುವರ್ಷದ ನವೆಂಬರಿನಲ್ಲಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹಾರಿಸಿಕೊಂಡು ಹೋಗಬಹುದಲ್ಲ?

ಆಗದು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆಟೊ, ಟ್ರ್ಯಾಕ್ಟರುಗಳಿಗೂ ಇಲ್ಲ. ಗಾಡಿ 100 ಸಿಸಿಯದೋ ಸಾವಿರ ಸಿಸಿಯದೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮೊಪೆಡ್ಡು, ಕಬ್ಬಿನ ಗಾಡಿ, ಅಡ್ಡ ಬರುವ ಎಮ್ಮೆಗಳ ಜೊತೆ ನಾವೂ ಹೋಗಬೇಕು. 47 ಪಿಎಸ್ ಇಟ್ಟುಕೊಂಡು ಮದ್ದೂರಿನವರೆಗೆ ಮೂರನೆಯ ಗೇರಿನಲ್ಲಿ ತೆವಳಿದ ದಿನ ನನಗೆ ವಡೆಯೂ ರುಚಿಸಲಿಲ್ಲ.

## ಕೊಳ್ಳಬೇಕೆಂದು ಮನಸ್ಸು ಮಾಡಿದವರಿಗೆ

ಬೆಲೆ ಏಕೆ ಹೀಗೆ ಏರಿತು? ಶುರುವಿನಲ್ಲಿ ಎರಡೂವರೆ ಲಕ್ಷ ಇತ್ತಲ್ಲ?

2018ರಲ್ಲಿ ಎಕ್ಸ್ ಶೋರೂಂ ಬೆಲೆ 2.50 ಲಕ್ಷ ರೂಪಾಯಿ ಇದ್ದದ್ದು ನಿಜ. ಆಗ ಅದನ್ನು ಕೇಳಿ ಅಚ್ಚರಿಪಡದವರು ಕಡಿಮೆ. ಆಮೇಲೆ ಹೊಗೆ ಕಡಿಮೆ ಮಾಡಲು ತಂದ 2020ರ ಬಿಎಸ್6 ನಿಯಮ, ಎಲ್‌ಇಡಿ ದೀಪ, ಅಲಾಯ್ ಚಕ್ರ ಎಂದು ಒಂದೊಂದೇ ಸೇರಿತು. ದೊಡ್ಡ ಪೆಟ್ಟು ತೆರಿಗೆಯದು. 350 ಸಿಸಿ ಮೀರಿದ ಬೈಕುಗಳಿಗೆ ಮೊದಲು ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 31 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ಅದೇ ದಿನ 350 ಸಿಸಿವರೆಗಿನವುಗಳಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ, ತೆರಿಗೆ ಬಿಟ್ಟು 100 ರೂಪಾಯಿಯ ಗಾಡಿಗೆ ತೆರಿಗೆ ಸೇರಿ 131 ರೂಪಾಯಿ ಇದ್ದದ್ದು 140 ಆಯಿತು, ಅಂದರೆ ಸುಮಾರು ಶೇ 7 ಏರಿಕೆ.

ಇದರ ಮೇಲೆ ಜೀವಾವಧಿ ತೆರಿಗೆ. ಅದರಲ್ಲಿ ಕರ್ನಾಟಕ ದೇಶದ ದುಬಾರಿ ರಾಜ್ಯಗಳ ಸಾಲಿನಲ್ಲಿದೆ. ವಿಮೆಯಲ್ಲೂ 350 ಸಿಸಿ ಒಂದು ಗೆರೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿವರೆಗೆ 7,365 ರೂಪಾಯಿಯಾದರೆ, ಅದರ ಮೇಲಿನವಕ್ಕೆ 15,117. ಶೋರೂಮಿನ ಗೋಡೆಯ ಮೇಲಿರುವ ಬೆಲೆಯನ್ನು ನಂಬಿ ಬ್ಯಾಂಕಿಗೆ ಹೋಗಬೇಡಿ. ಆನ್‌ರೋಡ್ ಮೊತ್ತವನ್ನು ಕಾಗದದ ಮೇಲೆ ಬರೆಸಿಕೊಂಡು ಹೋಗಿ.

ಇದಕ್ಕೆ ಬೇರೆ ಲೈಸೆನ್ಸ್ ಬೇಕೇ?

ಬೇಡ. ಗೇರ್ ಇರುವ ಮೋಟರ್‌ಸೈಕಲ್ಲಿನ ಲೈಸೆನ್ಸ್ ಇದ್ದರೆ ನಮ್ಮಲ್ಲಿ ಸುಜುಕಿಯ ದೈತ್ಯ ಬೈಕು ಹಯಾಬುಸಾವನ್ನೂ ಓಡಿಸಬಹುದು. ಇದು ಸರಿಯೇ ಎಂದು ಕೇಳಿದರೆ, ಸರಿಯಲ್ಲ ಎನ್ನುತ್ತೇನೆ.

ನನ್ನ ಎತ್ತರ ಐದಡಿ ನಾಲ್ಕಂಗುಲ. ಕಾಲು ಎಟಕುತ್ತದೆಯೇ?

ಸೀಟಿನ ಎತ್ತರ 804 ಮಿ.ಮೀ. ನಿಮ್ಮ ಎತ್ತರದವರಿಗೆ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆ, ಹಿಮ್ಮಡಿ ತಾಗುವುದು ಕಷ್ಟ. ಓಡುವಾಗ ಇದು ಸಮಸ್ಯೆಯಲ್ಲ. ತೊಂದರೆ ಬರುವುದು ನಿಂತಾಗ, ಅದರಲ್ಲೂ ಹಿಂದಕ್ಕೆ ತಳ್ಳುವಾಗ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಜಾಗ ಸಣ್ಣ ಇಳಿಜಾರಿನಲ್ಲಿದೆ. ಮೊದಲ ವಾರ ಮುಂದಿನ ಚಕ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಮರುದಿನ ಬೆಳಿಗ್ಗೆ 218 ಕೆ.ಜಿ.ಯನ್ನು ಏರಿಗೆ ಹಿಂದಕ್ಕೆ ಎಳೆಯಲು ಹೋಗಿ ಬೆವರಿಳಿಯಿತು, ಕಾವಲುಗಾರ ಬಂದು ಕೈ ಕೊಡಬೇಕಾಯಿತು. ಅಂದಿನಿಂದ ನಿಲ್ಲಿಸುವ ಮೊದಲು ಹೊರಡುವ ದಿಕ್ಕು ನೋಡುವುದು ಅಭ್ಯಾಸವಾಗಿದೆ. ಶೋರೂಮಿಗೆ ಹೋದಾಗ ಬರೀ ಕುಳಿತು ನೋಡಬೇಡಿ. ಇಳಿದು, ಹ್ಯಾಂಡಲ್ ಹಿಡಿದು, ಹತ್ತು ಹೆಜ್ಜೆ ಹಿಂದಕ್ಕೂ ಹತ್ತು ಹೆಜ್ಜೆ ಮುಂದಕ್ಕೂ ತಳ್ಳಿ ನೋಡಿ.

ಹಳೆಯ ಬರಹಗಳಲ್ಲಿ ತೂಕ 202 ಕೆ.ಜಿ. ಎಂದಿರುತ್ತದೆ. ಅದು ಪೆಟ್ರೋಲ್ ಇಲ್ಲದ ತೂಕ. ಪೆಟ್ರೋಲ್ ಇಲ್ಲದೆ ಯಾರೂ ಗಾಡಿ ಓಡಿಸುವುದಿಲ್ಲವಾದ್ದರಿಂದ ಈಗಿನ 218ನ್ನೇ ನೆನಪಿಡಿ.

ಟ್ರಾಫಿಕ್‌ನಲ್ಲಿ ಕಾಲು ಸುಡುತ್ತದೆ ಎನ್ನುತ್ತಾರೆ, ನಿಜವೇ?

ಸುಡುವುದಿಲ್ಲ, ಕಾಯುತ್ತದೆ. ಈ ಎಂಜಿನ್ ತಣಿಯುವುದು ಗಾಳಿಯಿಂದ ಮತ್ತು ಆಯಿಲ್‌ನಿಂದ. ಸಿಲಿಂಡರಿನ ಸುತ್ತ ರೆಕ್ಕೆಗಳಿವೆ, ಮುಂದೆ ಒಂದು ಚಿಕ್ಕ ಆಯಿಲ್ ಕೂಲರ್ ಇದೆ, ನೀರಿನ ರೇಡಿಯೇಟರ್ ಇಲ್ಲ. ಗಾಡಿ ಓಡುತ್ತಿದ್ದರೆ ಗಾಳಿ ತನ್ನ ಕೆಲಸ ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತರೆ ಗಾಳಿಯೂ ನಿಲ್ಲುತ್ತದೆ, ಬಿಸಿ ಮೊಣಕಾಲಿಗೆ ಬರುತ್ತದೆ. ಬೆಂಗಳೂರಿನಲ್ಲಿ ಸಹಿಸಬಹುದು, ರಾಯಚೂರಿನಲ್ಲಿ ಬೇಸಿಗೆ ಕಳೆಯುವವರು ಯೋಚಿಸಿ.

ಸ್ಪೋಕ್ ಚಕ್ರ ತೆಗೆದುಕೊಳ್ಳಲೋ ಅಲಾಯ್ ತೆಗೆದುಕೊಳ್ಳಲೋ?

ಅಲಾಯ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಸ್ಪೋಕ್ ಚಕ್ರದೊಳಗೆ ಟ್ಯೂಬ್ ಇರುತ್ತದೆ. 2023ರಲ್ಲಿ ಬಂದ ಅಲಾಯ್ ಮಾದರಿಗಳಲ್ಲಿ ಟ್ಯೂಬ್‌ಲೆಸ್ ಟಯರ್. ನನ್ನದು ಅದಕ್ಕೂ ಹಿಂದಿನದು, ಸ್ಪೋಕ್ ಚಕ್ರದ್ದು.

ಒಂದು ಜುಲೈನಲ್ಲಿ ಚಾರ್ಮಾಡಿ ಇಳಿಯುವಾಗ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಟ್ಯೂಬ್ ಇದ್ದರೆ ಗಾಳಿ ಒಮ್ಮೆಗೇ ಹೋಗುತ್ತದೆ. ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಹಿಂಭಾಗ ಮೀನಿನ ಬಾಲದಂತೆ ಓಲಾಡತೊಡಗಿತು. ಮಳೆ, ಮಂಜು, ಮೊಬೈಲಿಗೆ ಸಿಗ್ನಲ್ ಇಲ್ಲ. ಚಕ್ರ ಬಿಚ್ಚದೆ ಟ್ಯೂಬ್ ಹೊರಗೆ ಬಾರದು, ಬಿಚ್ಚುವ ಸ್ಪ್ಯಾನರ್ ನನ್ನ ಬಳಿ ಇರಲಿಲ್ಲ. ಕೊನೆಗೆ ತರಕಾರಿ ಇಳಿಸಿ ಬರುತ್ತಿದ್ದ ಪಿಕಪ್ ವ್ಯಾನಿನಲ್ಲಿ ಹಲಗೆ ಇಟ್ಟು ಗಾಡಿ ಏರಿಸಿ, ಉಜಿರೆಯವರೆಗೆ ಎಲೆಕೋಸಿನ ವಾಸನೆಯ ನಡುವೆ ಕುಳಿತು ಬಂದೆ. ಟ್ಯೂಬ್‌ಲೆಸ್ ಆಗಿದ್ದರೆ ಅದೇ ಮೊಳೆಯನ್ನು ಕಿತ್ತು, ರಬ್ಬರ್ ಬತ್ತಿ ತುರುಕಿ, ಪಂಪ್ ಹೊಡೆದು ಇಪ್ಪತ್ತು ನಿಮಿಷದಲ್ಲಿ ಹೊರಡಬಹುದಿತ್ತು.

ಹಿಂದೆ ಮನೆಯವರನ್ನು ಕೂರಿಸಿಕೊಂಡು ದೂರ ಹೋಗಬಹುದೇ?

ಸೀಟು ಸಪಾಟು, ಉದ್ದವಾಗಿಯೂ ಇದೆ, ಹಿಂದಿನವರಿಗೆ ಜಾಗಕ್ಕೆ ಕೊರತೆಯಿಲ್ಲ. ಆದರೆ ಮೆತ್ತೆ ಗಟ್ಟಿ, ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವುದು 88 ಮಿ.ಮೀ. ಮಾತ್ರ. ಇಬ್ಬರು ಕೂರುವುದಾದರೆ ಸ್ಪ್ರಿಂಗಿನ ಕೆಳಗಿನ ಉಂಗುರವನ್ನು ಒಂದೆರಡು ಹಂತ ಬಿಗಿ ಮಾಡಿಸಿ, ಇಲ್ಲದಿದ್ದರೆ ಪ್ರತಿ ಹಂಪಿನಲ್ಲೂ ಬೆನ್ನಿಗೆ ಹಿಂದಿನಿಂದ ಗುದ್ದು ಬೀಳುತ್ತದೆ. ಶಾಕ್ ಅಬ್ಸಾರ್ಬರಿನ ಗುದ್ದಲ್ಲ.

## ಅಂಕಿಸಂಖ್ಯೆಯನ್ನು ಬಗೆದು ನೋಡುವವರಿಗೆ

ಒಂದು ಕಡೆ 47 ಬಿಎಚ್‌ಪಿ, ಇನ್ನೊಂದು ಕಡೆ 47 ಪಿಎಸ್, ಮತ್ತೊಂದು ಕಡೆ 46.4. ಯಾವುದು ಸರಿ?

ಮೂಲ ಅಂಕಿ 34.6 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ, ಉಳಿದದ್ದೆಲ್ಲ ಅದರ ವೇಷ. ಬ್ರಿಟಿಷ್ ಅಶ್ವಶಕ್ತಿ 745.7 ವ್ಯಾಟ್, ಯುರೋಪಿನ ಪಿಎಸ್ 735.5 ವ್ಯಾಟ್. ಭಾಗಿಸಿದರೆ ಮೊದಲನೆಯದು 46.4, ಎರಡನೆಯದು 47. ಇದನ್ನು ಹಿಡಿದು ಜಗಳವಾಡುವವರನ್ನು ನೋಡಿದ್ದೇನೆ. ಆ 0.6ನ್ನು ರಸ್ತೆಯ ಮೇಲೆ ಗುರುತಿಸಬಲ್ಲ ಸವಾರನನ್ನು ನೋಡಿಲ್ಲ.

ಕೆಟಿಎಂ ಬೈಕು 390 ಡ್ಯೂಕ್ 399 ಸಿಸಿಯಲ್ಲೇ 46 ಪಿಎಸ್ ಕೊಡುತ್ತದೆ. 648 ಸಿಸಿ ಇಟ್ಟುಕೊಂಡು 47 ಎಂದರೆ ಮರ್ಯಾದೆಯೇ?

ಇದು ನನಗೆ ಬಂದ ಪತ್ರಗಳಲ್ಲೆಲ್ಲ ಹೆಚ್ಚು ಸಿಟ್ಟಿನ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಗರಿಷ್ಠ ಶಕ್ತಿ ಎಂಬುದು ಒಂದೇ ಒಂದು ಬಿಂದುವಿನ ಲೆಕ್ಕ. ಡ್ಯೂಕ್ ಆ 46ನ್ನು ಕೊಡುವುದು 8,500 ಆರ್‌ಪಿಎಂನಲ್ಲಿ, ಅದರ ಗರಿಷ್ಠ ಟಾರ್ಕ್ 39 ನ್ಯೂಟನ್ ಮೀಟರ್, ಅದೂ 6,500ರಲ್ಲಿ. ಇಂಟರ್‌ಸೆಪ್ಟರಿನ ಗರಿಷ್ಠ ಟಾರ್ಕ್ 52. ಅದರ ಶೇ 80ರಷ್ಟು 2,500 ಆರ್‌ಪಿಎಂನಲ್ಲೇ ಸಿಗುತ್ತದೆ ಎಂದು ತಯಾರಕರು ಹೇಳುತ್ತಾರೆ. 52ರಲ್ಲಿ ಶೇ 80 ಎಂದರೆ 41.6. ಅಂದರೆ ಡ್ಯೂಕ್ ತಾರಸಿಗೆ ಹತ್ತಿ ಕೂಗಿದರೆ ಸಿಗುವಷ್ಟು ಟಾರ್ಕ್ ಇದಕ್ಕೆ ಜಗಲಿಯಲ್ಲಿ ಕುಳಿತಿರುವಾಗಲೇ ಇದೆ. ಆಗುಂಬೆಯ ತಿರುವಿನಲ್ಲಿ ಮುಂದೆ ಬಸ್ಸು ನಿಂತು ಮತ್ತೆ ಹೊರಟಾಗ, ಮೂರನೆಯ ಗೇರಿನಲ್ಲೇ ಇದ್ದು ಥ್ರಾಟಲ್ ತಿರುವಿದರೆ ಸಾಕು, ಗಾಡಿ ಗೊಣಗದೆ ಏರುತ್ತದೆ.

ಡ್ಯೂಕ್ ಪರವಾಗಿಯೂ ಒಂದು ಮಾತು ಹೇಳಬೇಕು. ಚಕ್ರಕ್ಕೆ ತಲುಪುವುದು ಎಂಜಿನ್ನಿನ ಟಾರ್ಕ್ ಅಷ್ಟೇ ಅಲ್ಲ, ಗೇರ್ ಅನುಪಾತದಿಂದ ಗುಣಿಸಿದ ಟಾರ್ಕ್. ಹೆಚ್ಚು ತಿರುಗುವ ಎಂಜಿನ್ನಿಗೆ ಚಿಕ್ಕ ಗೇರ್ ಕೊಡಬಹುದು. ಅದು ಹಗುರವೂ ಹೌದು. ಆದ್ದರಿಂದ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸಿದರೆ ಡ್ಯೂಕ್ ನನ್ನ ಗಾಡಿಯನ್ನು ಬೆವರಿಳಿಸುತ್ತದೆ. ಆದರೆ ಅದನ್ನು ಓಡಿಸುವವನೂ ಗೇರ್ ಬದಲಿಸುತ್ತ ಬೆವರಬೇಕು.

47ಕ್ಕೇ ಏಕೆ ನಿಲ್ಲಿಸಿದರು ಎಂಬುದಕ್ಕೆ ಇನ್ನೊಂದು ಕಾರಣ ಯುರೋಪಿನಲ್ಲಿದೆ. ಅಲ್ಲಿ ಹೊಸ ಸವಾರರಿಗೆ ಕೊಡುವ 'ಎ2' ಲೈಸೆನ್ಸಿನಲ್ಲಿ 35 ಕಿಲೋವ್ಯಾಟ್ ಮೀರಿದ ಬೈಕು ಓಡಿಸುವಂತಿಲ್ಲ. ಈ ಗಾಡಿಯದು 34.6. ಇದು ಕಾಕತಾಳೀಯ ಎಂದು ನಂಬುವಷ್ಟು ಮುಗ್ಧ ನಾನಲ್ಲ.

ಟಾರ್ಕ್ 5,250ರಲ್ಲಿ ಗರಿಷ್ಠ, ಪವರ್ 7,250ರಲ್ಲಿ ಗರಿಷ್ಠ. ಎರಡೂ ಒಂದೇ ಕಡೆ ಏಕಿಲ್ಲ?

ಟಾರ್ಕ್ ಎಂದರೆ ತಿರುಚುವ ಬಲ. ಪವರ್ ಎಂದರೆ ಆ ಬಲ ಎಷ್ಟು ಬೇಗ ಬೇಗ ಕೆಲಸ ಮಾಡುತ್ತಿದೆ ಎಂಬ ಲೆಕ್ಕ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 52 × 5,250 ÷ 9,549 ಎಂದರೆ 28.6 ಕಿಲೋವ್ಯಾಟ್, ಹೆಚ್ಚುಕಡಿಮೆ 39 ಪಿಎಸ್. ಈಗ 7,250ರಲ್ಲಿ 34.6 ಕಿಲೋವ್ಯಾಟ್ ಇರಬೇಕಾದರೆ ಟಾರ್ಕ್ ಎಷ್ಟಿರಬೇಕು ಎಂದು ಉಲ್ಟಾ ಲೆಕ್ಕ ಮಾಡಿ, 45.6 ಬರುತ್ತದೆ. ಟಾರ್ಕ್ 52ರಿಂದ ಇಳಿದಿದ್ದರೂ ಸುತ್ತು ಹೆಚ್ಚಾದ್ದರಿಂದ ಒಟ್ಟು ಪವರ್ ಏರಿತು. ಅದರ ಆಚೆ ಸಿಲಿಂಡರಿಗೆ ಸಾಕಷ್ಟು ಗಾಳಿ ತುಂಬುವಷ್ಟು ಹೊತ್ತೇ ಸಿಗದೆ ಎರಡೂ ಬೀಳುತ್ತವೆ.

ಕೈಪಿಡಿಯಲ್ಲಿರುವ ಉಳಿದ ಅಂಕಿಗಳನ್ನೂ ಹೀಗೆ ಕೂಡಿಸಿ ಕಳೆದು ನೋಡುವುದು ಒಳ್ಳೆಯದು. ಸಿಲಿಂಡರಿನ ವ್ಯಾಸ 78 ಮಿ.ಮೀ., ಪಿಸ್ಟನ್ ಚಲಿಸುವ ದೂರ 67.8 ಮಿ.ಮೀ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಘನಫಲದ ಸೂತ್ರ ಹಾಕಿ ಎರಡರಿಂದ ಗುಣಿಸಿ. ಸರಿಯಾಗಿ 648 ಬರುತ್ತದೆ.

270 ಡಿಗ್ರಿ ಕ್ರ್ಯಾಂಕ್ ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಬಿಡಿಸಿ ಹೇಳುವುದಿಲ್ಲ. ಏನದು?

ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ದಂಡವೇ ಕ್ರ್ಯಾಂಕ್. ಅಜ್ಜಿಯ ಕಾಲದ ಅವಲಕ್ಕಿ ಕುಟ್ಟುವುದನ್ನು ನೆನಪಿಸಿಕೊಳ್ಳಿ. ಎರಡು ಒರಳು, ಎರಡು ಒನಕೆ, ಇಬ್ಬರು ಹೆಂಗಸರು. ಇಬ್ಬರೂ ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸಿದರೆ ನೆಲವೆಲ್ಲ ಅದುರುತ್ತದೆ. ಹಳೆಯ ಇಂಗ್ಲಿಷ್ ಬೈಕುಗಳ ಎರಡೂ ಪಿಸ್ಟನ್ ಹೀಗೇ ಒಟ್ಟಿಗೆ ಏರಿ ಇಳಿಯುತ್ತಿದ್ದವು. ಅದು 360 ಡಿಗ್ರಿ ಕ್ರ್ಯಾಂಕ್. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತಿತ್ತು. ಒಬ್ಬರು ಎತ್ತುವಾಗ ಇನ್ನೊಬ್ಬರು ಇಳಿಸಿದರೆ 180 ಡಿಗ್ರಿ. ಒಂದು ಇನ್ನೊಂದನ್ನು ಸರಿದೂಗಿಸುವಂತೆ ಕಂಡರೂ, ಎರಡೂ ಒನಕೆ ಒಂದೇ ಕ್ಷಣ ನಿಂತು ಒಂದೇ ಕ್ಷಣ ಓಡುವುದರಿಂದ ಸಣ್ಣ ಕಂಪನ ಉಳಿಯುತ್ತದೆ.

270ರಲ್ಲಿ ಮೊದಲ ಒನಕೆ ಒರಳು ಮುಟ್ಟಿ ನಿಂತ ಕ್ಷಣದಲ್ಲಿ ಎರಡನೆಯದು ನಡುದಾರಿಯಲ್ಲಿ ಜೋರಾಗಿ ಓಡುತ್ತಿರುತ್ತದೆ. ಒಂದು ನಿಲ್ಲುವಾಗ ಇನ್ನೊಂದು ಓಡುವುದರಿಂದ ಕ್ರ್ಯಾಂಕಿನ ಮೇಲೆ ಎಳೆತ ಸಮನಾಗಿರುತ್ತದೆ, ಆ ಸಣ್ಣ ಕಂಪನ ಅಲ್ಲೇ ರದ್ದಾಗುತ್ತದೆ. ಉಳಿದ ದೊಡ್ಡ ಅದುರನ್ನು ಎಂಜಿನ್ನೊಳಗಿನ ಬ್ಯಾಲೆನ್ಸರ್ ಶಾಫ್ಟ್ ನುಂಗುತ್ತದೆ.

ಸದ್ದಿಗೂ ಇದೇ ಕಾರಣ. ಎರಡು ಸಿಲಿಂಡರುಗಳಲ್ಲಿ ಕಿಡಿ ಹೊತ್ತುವುದು ಸಮ ಅಂತರದಲ್ಲಲ್ಲ. ಒಂದರ ಬಳಿಕ ಇನ್ನೊಂದು 270 ಡಿಗ್ರಿಗೆ, ಆಮೇಲೆ 450 ಡಿಗ್ರಿ ಕಾದು ಮತ್ತೆ ಮೊದಲನೆಯದು. ವಿ ಆಕಾರದ 90 ಡಿಗ್ರಿ ಎಂಜಿನ್ನುಗಳ ಲಯವೂ ಇದೇ. ನಿಂತ ಗಾಡಿಯ ಸೈಲೆನ್ಸರಿನ ಹತ್ತಿರ ಕಿವಿಯಿಟ್ಟರೆ ಕುಂಟುಬಿಲ್ಲೆ ಆಡುವ ಮಗುವಿನ ಹೆಜ್ಜೆ ಕೇಳಿದಂತಾಗುತ್ತದೆ. ಈ ವಿದ್ಯೆ ರಾಯಲ್ ಎನ್‌ಫೀಲ್ಡಿನದಲ್ಲ. ಯಮಹಾ 1995ರ ಟಿಆರ್‌ಎಕ್ಸ್ 850ರಲ್ಲೇ ಮಾಡಿ ತೋರಿಸಿತ್ತು.

ಹಯಾಬುಸಾಕ್ಕೆ ಇದರ ನಾಲ್ಕು ಪಟ್ಟು ಪವರ್ ಇದೆ. ಹಾಗಾದರೆ ಸ್ಪೀಡೂ ನಾಲ್ಕು ಪಟ್ಟು ಇರಬೇಕಲ್ಲ?

ಕಾಲೇಜು ಹುಡುಗನೊಬ್ಬ ಕೇಳಿದ್ದು, ಒಳ್ಳೆಯ ಪ್ರಶ್ನೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. 165ರ ವೇಗಕ್ಕೆ 47 ಪಿಎಸ್ ಖರ್ಚಾಗುವುದಾದರೆ, 100ಕ್ಕೆ ಗಾಳಿಗಾಗಿ ಬೇಕಾದದ್ದು ಹತ್ತು ಚಿಲ್ಲರೆ ಪಿಎಸ್ ಮಾತ್ರ. 350 ಸಿಸಿ ಗಾಡಿಗಳು 100ರಲ್ಲಿ ಆರಾಮಾಗಿ ಹೋಗುವುದು ಇದಕ್ಕೇ. ಈಗ ನಾಲ್ಕು ಪಟ್ಟು ಶಕ್ತಿ ಕೊಡಿ. ನಾಲ್ಕರ ಘನಮೂಲ 1.59, ಅಂದರೆ 165 ಹೋಗಿ 262 ಆಗುತ್ತದೆ, ಅಷ್ಟೇ. 1,340 ಸಿಸಿಯ ಹಯಾಬುಸಾ 190 ಪಿಎಸ್ ಇಟ್ಟುಕೊಂಡು 299 ಮುಟ್ಟುವುದು ಅದರ ದುಂಡನೆಯ ಮೈಕವಚದ ಪುಣ್ಯ. 299ಕ್ಕೇ ನಿಲ್ಲುವುದು ಎಂಜಿನ್ ಸೋತಿದ್ದಕ್ಕಲ್ಲ, ತಯಾರಕರೇ ಹಾಕಿಕೊಂಡ ಮಿತಿ ಅದು. ಇಂಟರ್‌ಸೆಪ್ಟರಿನ ಮುಂದೆ ಇರುವುದು ಒಂದು ದುಂಡು ದೀಪ, ಅದರ ಹಿಂದೆ ಗಾಳಿಗೆ ತೆರೆದ ನನ್ನ ಹೊಟ್ಟೆ.

0ಯಿಂದ 100ಕ್ಕೆ ಎಷ್ಟು ಸೆಕೆಂಡು ಎಂದೂ ಅದೇ ಹುಡುಗ ಕೇಳಿದ್ದ. ಏಳರ ಆಸುಪಾಸು. ಅಲ್ಲಿ ಗಾಳಿಗಿಂತ ತೂಕ ಮುಖ್ಯ.

ಮುಂದೆ ಒಂದೇ ಡಿಸ್ಕ್ ಇದೆ. ಇಷ್ಟು ತೂಕಕ್ಕೆ ಸಾಕೇ?

ಮುಂದಿನದು 320 ಮಿ.ಮೀ., ಹಿಂದಿನದು 240 ಮಿ.ಮೀ., ಎರಡಕ್ಕೂ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್. ದಿನದ ಓಡಾಟಕ್ಕೆ ಸಾಕು. ಸಮಸ್ಯೆ ಡಿಸ್ಕಿನದಲ್ಲ, ನಮ್ಮ ಅಂದಾಜಿನದು. ಚೆನ್ನಾದ ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೆ 60ರಿಂದ ನಿಲ್ಲಲು ಸುಮಾರು 17 ಮೀಟರ್ ಬೇಕು. 120ರಿಂದ ನಿಲ್ಲಲು 34 ಅಲ್ಲ, ಸುಮಾರು 70. ಇದಕ್ಕೆ ಮೊದಲು, ಎಮ್ಮೆ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 33 ಮೀಟರ್ ಆಗಲೇ ಕಳೆದಿರುತ್ತದೆ. ಎರಡು ಡಿಸ್ಕ್ ಇದ್ದರೂ ಆ 33 ಮೀಟರ್ ವಾಪಸ್ ಬರುವುದಿಲ್ಲ.

ಭಾರ ಇದ್ದರೂ ತಿರುವಿನಲ್ಲಿ ಹಗುರ ಎನ್ನುತ್ತಾರಲ್ಲ, ಹೇಗೆ?

ಚೌಕಟ್ಟಿನ ಪುಣ್ಯ. ಉಕ್ಕಿನ ಕೊಳವೆಗಳ ಜೋಡಿ ತೊಟ್ಟಿಲಿನಂಥ ಈ ಚೌಕಟ್ಟಿನ ಹಿಂದೆ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್‌ನ ಕೈ ಇದೆ. ರೇಸ್ ಬೈಕುಗಳ ಚೌಕಟ್ಟು ಮಾಡಿ ಹೆಸರಾದ ಆ ಸಂಸ್ಥೆಯನ್ನು ರಾಯಲ್ ಎನ್‌ಫೀಲ್ಡ್ 2015ರಲ್ಲಿ ಕೊಂಡಿತು. ಎರಡೂ ಚಕ್ರ 18 ಅಂಗುಲ, ಹಿಂದಿನ ಟಯರ್ 130 ಮಿ.ಮೀ. ಅಗಲ ಮಾತ್ರ. ಹಿಂದೆ ದಪ್ಪ ಟಯರ್ ಹಾಕಿಸಿದರೆ ಗತ್ತು ಬರುತ್ತದೆ ಎಂದು 150 ಹಾಕಿಸುವವರಿದ್ದಾರೆ. ಗತ್ತು ಬರುತ್ತದೆ, ತಿರುವಿಗೆ ಬಾಗುವ ಸಲೀಸು ಹೋಗುತ್ತದೆ.

ಎಂಜಿನ್ ಒಂದೇ ಆದರೆ ರಾಯಲ್ ಎನ್‌ಫೀಲ್ಡಿನವೇ ಆದ ಸೂಪರ್ ಮೀಟಿಯಾರ್, ಕ್ಲಾಸಿಕ್ 650, ಬೇರ್ 650 ಎಲ್ಲ ಏಕೆ ಬೇರೆ ಬೇರೆ ಅನ್ನಿಸುತ್ತವೆ?

ತೂಕ ಮತ್ತು ಕೂರುವ ರೀತಿ. ಸೂಪರ್ ಮೀಟಿಯಾರ್ 241 ಕೆ.ಜಿ., ಕ್ಲಾಸಿಕ್ 650 ಇನ್ನೂ ಎರಡು ಕೆ.ಜಿ. ಹೆಚ್ಚು, ಪವರ್ ಅದೇ 47. ಬೇರ್‌ನಲ್ಲಿ ಎರಡು ಸೈಲೆನ್ಸರಿನ ಬದಲು ಒಂದೇ, ಟಾರ್ಕ್ 56.5. ಎಲ್ಲವನ್ನೂ ಓಡಿಸಿ ನೋಡಿದ ಮೇಲೂ ನನಗೆ ಇಂಟರ್‌ಸೆಪ್ಟರೇ ಸರಿ. ಮಾಲೀಕನ ಮಾತು ಎಂದು ಸ್ವಲ್ಪ ಸೋಡಿ ಕಳೆದುಕೊಂಡೇ ಓದಿ.

## ಸ್ಪ್ಯಾನರ್ ಹಿಡಿಯುವವರಿಗೆ

ಸರ್ವಿಸ್ ಖರ್ಚು ಕೈ ಸುಡುತ್ತದೆಯೇ? ವಾಲ್ವ್ ಹೊಂದಿಸಲು ಎಂಜಿನ್ ಬಿಚ್ಚಬೇಕೇ?

ಎಂಜಿನ್ ಬಿಚ್ಚಬೇಕಿಲ್ಲ, ಟ್ಯಾಂಕು ಇಳಿಸಿದರೆ ಸಾಕು. ಸಿಲಿಂಡರಿಗೆ ನಾಲ್ಕರಂತೆ ಎಂಟು ವಾಲ್ವುಗಳಿವೆ, ಎಲ್ಲದರ ಸಂದನ್ನೂ ಸ್ಕ್ರೂ ಮತ್ತು ಲಾಕ್‌ನಟ್ಟಿನಿಂದ ಹೊಂದಿಸಬಹುದು. ಅನೇಕ ದೊಡ್ಡ ಬೈಕುಗಳಲ್ಲಿ ಇದಕ್ಕಾಗಿ ಕ್ಯಾಮ್‌ಶಾಫ್ಟನ್ನೇ ಹೊರತೆಗೆದು, ಅಳತೆಯ ಬಿಲ್ಲೆಗಳನ್ನು ಬದಲಿಸಬೇಕು. ಇಲ್ಲಿ ಸಂದು ಅಳೆಯುವ ಫೀಲರ್ ಗೇಜ್ ಇದ್ದು, ಎಂಜಿನ್ ಪೂರ್ತಿ ತಣ್ಣಗಾಗಿದ್ದು, ತಾಳ್ಮೆಯಿದ್ದರೆ ಊರಿನ ನುರಿತ ಮೆಕ್ಯಾನಿಕ್ ಮಾಡಬಲ್ಲ. ಆಯಿಲ್ 10ಡಬ್ಲ್ಯು-50 ದರ್ಜೆಯದೇ ಆಗಬೇಕು. ಕಾರಿಗೆ ಹಾಕುವ ಆಯಿಲ್ ಹಾಕಿದರೆ ಅದರಲ್ಲೇ ಮುಳುಗಿರುವ ಕ್ಲಚ್ ಜಾರತೊಡಗುತ್ತದೆ. ಒಮ್ಮೆ ಒಂದು ಗ್ಯಾರೇಜಿನಲ್ಲಿ ಕ್ಯಾನು ತೆರೆಯುವಷ್ಟರಲ್ಲಿ ನೋಡಿ ತಡೆದೆ, ಅಂದಿನಿಂದ ಆಯಿಲ್ ನಾನೇ ಕೊಂಡೊಯ್ಯುತ್ತೇನೆ.

ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಮೈಲೇಜ್ ಬೀಳುತ್ತದೆಯೇ?

ಬೀಳುತ್ತದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟು. ಶೇ 20 ಬೆರೆಸಿದರೆ ಲೀಟರಿನ ಒಟ್ಟು ಶಕ್ತಿಯಲ್ಲಿ ಶೇ 6ರಿಂದ 7ರಷ್ಟು ಕಡಿಮೆ. 27 ಇದ್ದದ್ದು 25 ಚಿಲ್ಲರೆಯಾದರೆ ಗಾಡಿಯನ್ನು ಬೈಯಬೇಡಿ. 2023ಕ್ಕಿಂತ ಹಿಂದಿನ ಗಾಡಿಯವರು ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡಿಸಿಕೊಳ್ಳಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಗಾಡಿ ನಿಲ್ಲಿಸಬೇಡಿ.

ಬೇರೆ ಸೈಲೆನ್ಸರ್ ಹಾಕಿದರೆ ಪವರ್ ಹೆಚ್ಚುತ್ತದೆಯೇ?

ಬರೀ ಸೈಲೆನ್ಸರ್ ಬದಲಿಸಿದರೆ ಹೆಚ್ಚುವುದು ಸದ್ದು, ಮತ್ತು ಪೊಲೀಸರ ಗಮನ. ತೂಕ ಕೆಲವು ಕೆ.ಜಿ. ಇಳಿಯುತ್ತದೆ, ಅದು ನಿಜವಾದ ಲಾಭ. ಪವರ್ ಸಿಗಬೇಕಾದರೆ ಗಾಳಿ ಬರುವ ದಾರಿ, ಇಂಧನದ ಲೆಕ್ಕ ಎರಡನ್ನೂ ಜೊತೆಗೆ ಬದಲಿಸಬೇಕು, ಆಗ ವಾರಂಟಿ ಹೋಗುತ್ತದೆ.

2019ರ ಗಾಡಿಯೊಂದು ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ಏನೇನು ನೋಡಬೇಕು?

ಹೋಗುವ ಮೊದಲು ಮಾಲೀಕನಿಗೆ ಫೋನ್ ಮಾಡಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎನ್ನಿ. ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ತಣ್ಣನೆಯ ಎಂಜಿನ್ನಿನಲ್ಲಿ ಕೇಳಬಾರದ್ದೇನೋ ಇದೆ ಎಂದು ಅನುಮಾನಿಸಬಹುದು.

ಟಯರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಕಡಿಮೆ ಓಡಿದ ಗಾಡಿ ಎಂದು ಹೆಮ್ಮೆಯಿಂದ ಹೇಳಿದರೂ ಅಷ್ಟು ಹಳೆಯ ಟಯರನ್ನು ಬದಲಿಸಲೇಬೇಕು, ಆ ಹಣವನ್ನು ಬೆಲೆಯಲ್ಲಿ ಕಳೆಯಿರಿ. ಹಿಂದಿನ ಪಲ್ಲಚಕ್ರದ ತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಚೈನು ಮುಗಿದಿದೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಕೊರೆದಿರುತ್ತಾರೆ, ವರ್ನಿಯರ್ ಇದ್ದರೆ ಅಳೆಯಿರಿ.

ಕೊನೆಗೆ ಒಂದು ಸ್ಪ್ಯಾನರ್ ತೆಗೆದುಕೊಂಡು ಚಕ್ರ ತಿರುಗಿಸುತ್ತ ಒಂದೊಂದೇ ಸ್ಪೋಕನ್ನು ಮೆಲ್ಲಗೆ ತಟ್ಟಿ. ಬಿಗಿಯಾದದ್ದು 'ಟಿಣ್' ಎನ್ನುತ್ತದೆ. ಎಲ್ಲಾದರೂ 'ಡಬ್' ಎಂದರೆ ಆ ಸ್ಪೋಕ್ ಸಡಿಲ. ಒಂದೆರಡು ಇದ್ದರೆ ಬಿಗಿ ಮಾಡಿಸಬಹುದು. ಸಾಲಾಗಿ ನಾಲ್ಕೈದು 'ಡಬ್' ಎಂದರೆ ಗಾಡಿ ಯಾವುದೋ ಹೊಂಡಕ್ಕೆ ಜೋರಾಗಿ ಬಿದ್ದಿದೆ, ರಿಮ್ಮನ್ನು ನೆಲಮಟ್ಟದಲ್ಲಿ ಕಣ್ಣಿಟ್ಟು ನೋಡಿದ ಮೇಲೆಯೇ ಬೆಲೆಯ ಮಾತಾಡಿ.